ಓರಗಿತ್ತಿಗೆ ಒಪ್ಪಿಸಿದ ಪಾತ್ರ

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಯೋಗ್ಯತೆ ಬೇಕು ಎಂದು ಹಿರಿಸೊಸೆ ಆಗಾಗ ಹೇಳುವುದಿತ್ತು. ಅದು ಬೇರೆಯವರ ಬಗ್ಗೆ ಹೇಳುತ್ತಿದ್ದ ಮಾತು. ನಾಟಕ ಮಂಡಳಿಯಲ್ಲಿ ದಾಸಿಯ ಪಾತ್ರ ಮಾಡುವ ಹುಡುಗಿಯರು ಅವಳ ಉಡುಪನ್ನು ಕದ್ದು ಮುಟ್ಟಿ ನಿಟ್ಟುಸಿರು ಬಿಟ್ಟರೆ, ಪಾಪ, ಇವಕ್ಕೆ ಉರಿಯೋದಕ್ಕೂ ಎಣ್ಣೆ ಸಾಲದು ಎಂದು ನಗುತ್ತಿದ್ದಳು. ತನ್ನ ಹೊಟ್ಟೆಗೇ ಒಂದು ದಿನ ಡಬ್ಬಗಟ್ಟಲೆ ಎಣ್ಣೆ ಸುರಿದು ಕಡ್ಡಿ ಗೀರುವವಳು ಬರುತ್ತಾಳೆ, ಅದೂ ಮನೆಯೊಳಕ್ಕೇ ಬರುತ್ತಾಳೆ, ಅಕ್ಕಾ ಅಕ್ಕಾ ಎನ್ನುತ್ತಲೇ ಬರುತ್ತಾಳೆ ಎಂದು ಆಗ ಅವಳಿಗೇನು ಗೊತ್ತು.

ಮಂಡಳಿ ಅವಳ ಮಾವನದು. ನಾಟಕ ಬರೆಯುವವರು, ಆಡಿಸುವವರು, ಮಾತು ಮರೆತವರ ಮೇಲೆ ಚಪ್ಪಲಿ ಎಸೆಯುವವರು ಎಲ್ಲ ಅವರೇ. ಹೊರಗಿನವರು ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಸೈಕಲ್ ರಿಪೇರಿ ಅಂಗಡಿಗಳ ಬೀದಿಯ ತುದಿಯಲ್ಲಿದ್ದ ಹಳೆಯ ಹತ್ತಿ ಗೋದಾಮನ್ನು ಅವರು ರಂಗಮಂದಿರ ಮಾಡಿಕೊಂಡಿದ್ದರು. ಕೆಳಗೆ ನಾಟಕ, ಮೇಲೆ ಮನೆ. ಮೇಲೆ ಈರುಳ್ಳಿ ಹುರಿದರೆ ಕೆಳಗೆ ರಾಜನ ಆಸ್ಥಾನದಲ್ಲಿ ಎಲ್ಲರಿಗೂ ಹಸಿವಾಗುತ್ತಿತ್ತು. ಮೇಷ್ಟ್ರ ಹಿರಿಮಗ, ಅಂದರೆ ಇವಳ ಗಂಡ, ಬೆಳಕಿನವನು; ಸಭೆಯ ಹಿಂದೆ ಅಟ್ಟದ ಮೇಲೆ ಕೂತು ಲೈಟುಗಳನ್ನು ಏರಿಸಿ ಇಳಿಸುತ್ತಿದ್ದ. ಕಿರಿಮಗ ಜನರನ್ನು ನಗಿಸುವವನು. ಮೇಷ್ಟ್ರ ತಂಗಿಯೊಬ್ಬಳು ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆ ಸೇರಿದ್ದಳು. ಮಕ್ಕಳಿಬ್ಬರಿಗೂ ಸೋದರತ್ತೆಯಾದ್ದರಿಂದ ಮಂಡಳಿಗೆಲ್ಲ ಅವಳು ಸೋದರತ್ತೆಯೇ. ಮೇಲೆ ಅಡುಗೆ, ಕೆಳಗೆ ಕೆಟ್ಟ ಅತ್ತೆಯ ಪಾತ್ರ, ಎರಡನ್ನೂ ಒಂದೇ ಗತ್ತಿನಲ್ಲಿ ಮಾಡುತ್ತಿದ್ದಳು.

ಹಿರಿಸೊಸೆ ದರ್ಜಿಯ ಮಗಳು. ಮದುವೆಯಾಗಿ ಬಂದಾಗ ಗುಂಡಿ ಹೊಲಿಯಲಷ್ಟೇ ಬರುತ್ತಿತ್ತು. ಒಂದು ಸಂಜೆ ನಾಯಕಿಗೆ ಜ್ವರ ಬಂದು, ಉಡುಪಿನ ಅಳತೆ ಇವಳಿಗೇ ಸರಿಹೊಂದುತ್ತದೆ ಎಂಬ ಒಂದೇ ಕಾರಣಕ್ಕೆ ಮೇಷ್ಟ್ರು ಇವಳನ್ನು ರಂಗಕ್ಕೆ ತಳ್ಳಿದರು. ತಳ್ಳಿಸಿಕೊಂಡವಳು ಮತ್ತೆ ಹಿಂದೆ ಬರಲಿಲ್ಲ. ಹದಿನಾರು ವರ್ಷ ಆ ಪಾತ್ರ ಅವಳದೇ ಆಯಿತು.

ಪಾತ್ರ ಇದ್ದದ್ದು ‘ಕೀಲಿಗೊಂಚಲು’ ಎಂಬ ನಾಟಕದಲ್ಲಿ. ಮಂಡಳಿಯ ಅನ್ನದ ನಾಟಕ ಅದು. ಹಡಗಿನಲ್ಲಿ ದುಡಿಯಲು ಹೋದ ಗಂಡ ಮುಳುಗಿಹೋದನೆಂದು ಸುದ್ದಿ ಬರುತ್ತದೆ. ಮಗನೇ ಇಲ್ಲದ ಮೇಲೆ ಸೊಸೆ ಯಾಕೆ ಎಂದು ಅತ್ತೆ ಅವಳನ್ನು ಹೊರಗಟ್ಟುತ್ತಾಳೆ. ಮೂರನೆಯ ಅಂಕದ ಕೊನೆಗೆ ಅತ್ತೆ ರಂಗದ ಹಿಂಭಾಗದಲ್ಲಿ ಮೆಟ್ಟಿಲ ಮೇಲೆ ನಿಂತು, “ಕೀಲಿ ಇಡು” ಎನ್ನುತ್ತಾಳೆ. ಸೊಸೆ ಸೊಂಟದ ಗೊಂಚಲನ್ನು ಬಿಚ್ಚಿ ನೆಲಕ್ಕಿಟ್ಟು ಅಳುತ್ತಾಳೆ. ಒಂದು ಮಾತೂ ಆಡುವುದಿಲ್ಲ. ಆಮೇಲೆ ಅತ್ತೆ, “ಇನ್ನು ಹೋಗು” ಎನ್ನುತ್ತಾಳೆ, ಸೊಸೆ ಹೋಗುತ್ತಾಳೆ, ಪರದೆ ಬೀಳುತ್ತದೆ. ಆ ಎರಡು ಮಾತುಗಳ ನಡುವಿನ ಅಳುವಿಗಾಗಿಯೇ ಜನ ಟಿಕೆಟ್ ಕೊಳ್ಳುತ್ತಿದ್ದರು.

ಹಿರಿಸೊಸೆ ಆ ಅಳುವನ್ನು ಕನ್ನಡಿಯ ಮುಂದೆ ಕೂತು ಬೆಳೆಸಿದ್ದಳು. ರಂಗದ ಮುಂದಿನ ನಡುವಿಗೆ ಬಂದು ನಿಲ್ಲುವಳು. ಮುಖ ಎತ್ತುವಳು. ಬೆಳಕು ಕೆನ್ನೆಗೆ ಬಿದ್ದ ಮೇಲೆ ಎಡಗಣ್ಣಿನಿಂದ ಒಂದು ಹನಿ, ಬಲಗಣ್ಣಿನಿಂದ ಒಂದು ಹನಿ. ತುಟಿ ಮಾತ್ರ ಸ್ವಲ್ಪ ನಡುಗಬೇಕು, ಬಾಯಿ ಸೊಟ್ಟಗಾಗಬಾರದು, ಕಣ್ಣಕಪ್ಪು ಇಳಿಯಬಾರದು. ಮರುದಿನ ಹಾಲಿನಂಗಡಿಯವಳು, “ನಿನ್ನೆ ಅಳಿಸಿಬಿಟ್ರಲ್ಲ” ಎನ್ನುತ್ತಿದ್ದಳು. ಆ ಒಂದು ಮಾತು ಕೇಳಲಿಕ್ಕೆ ಹಿರಿಸೊಸೆ ಮನೆಯಲ್ಲಿ ಹಾಲಿದ್ದರೂ ಹಾಲಿನಂಗಡಿಗೆ ಹೋಗುತ್ತಿದ್ದಳು.

ಇಂಥವಳ ಮನೆಗೆ ಮೈದುನ ಮದುವೆಯಾಗಿ ಹೆಂಡತಿಯನ್ನು ಕರೆತಂದ. ಬೇರೆ ಊರಿನವಳು, ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಜನ್ಮದಲ್ಲಿ ಒಂದೂ ನಾಟಕ ನೋಡಿದವಳಲ್ಲ. ಯಾರ ಜೊತೆ ಮಾತಾಡಿದರೂ ಕನ್ನಡಕದ ಅಳತೆ ತೆಗೆಯುವಂತೆ ಎರಡೂ ಕಣ್ಣಿಗೆ ಕಣ್ಣಿಟ್ಟು ನೋಡುವ ಅಭ್ಯಾಸ ಅವಳಿಗೆ. ಹಿರಿಸೊಸೆಗೆ ಮೊದಲ ದಿನವೇ ಅದು ಹಿಡಿಸಲಿಲ್ಲ. ಹಾಗೆ ನೋಡುವವರ ಎದುರು ಸುಳ್ಳು ಹೇಳುವುದು ಕಷ್ಟ.

ಮೇಷ್ಟ್ರಿಗೆ ಮಾತ್ರ ಆ ನೋಟ ಹಿಡಿಸಿಬಿಟ್ಟಿತು. ಊಟದ ಮೇಜಿನ ಮೇಲೆಯೇ ಕಿರಿಸೊಸೆಗೆ ಪಾಠ ಶುರುವಾಯಿತು. ನಾಟಕ ಎಂದರೆ ಒಂದು ಹಗ್ಗ ಎನ್ನುತ್ತಿದ್ದರು ಅವರು. ಮೊದಲು ಹಗ್ಗ ಯಾರ ಕೈಯಲ್ಲಿದೆ ಎಂದು ತೋರಿಸಬೇಕು, ಆಮೇಲೆ ಗಂಟು ಬೀಳಬೇಕು, ಗಂಟನ್ನು ಬಿಡಿಸಲು ಹೋದಷ್ಟೂ ಅದು ಬಿಗಿಯಬೇಕು, ಇನ್ನು ತಡೆಯಲಾರೆ ಎನ್ನುವಲ್ಲಿ ತುದಿ ಬರಬೇಕು. ನಗೆನಾಟಕವಾದರೆ ತುದಿಯಲ್ಲಿ ಗಂಟು ಬಿಚ್ಚಿಕೊಳ್ಳುತ್ತದೆ, ದುಃಖದ ನಾಟಕವಾದರೆ ಹಗ್ಗವೇ ಹರಿಯುತ್ತದೆ, ಪ್ರಹಸನದಲ್ಲಿ ಗಂಟು ಎಲ್ಲಿತ್ತು ಎಂದು ಬರೆದವನಿಗೇ ನೆನಪಿರುವುದಿಲ್ಲ. ಕಿರಿಸೊಸೆ ಚಮಚವನ್ನು ತಟ್ಟೆಯಲ್ಲಿಟ್ಟು ಬಾಯಿ ತೆರೆದು ಕೇಳುತ್ತಿದ್ದಳು. ಹಿರಿಸೊಸೆ ತಾನು ಬಂದ ಹೊಸದರಲ್ಲಿ ಇದೇ ಹಗ್ಗದ ಕಥೆ ಕೇಳಿದ್ದಳು. ಆಗ ಮಾವ ಇಷ್ಟು ಹೊತ್ತು ಹೇಳಿರಲಿಲ್ಲ ಎಂದು ಅವಳಿಗೆ ಈಗ ಅನ್ನಿಸತೊಡಗಿತು.

ಒಂದು ಬೆಳಿಗ್ಗೆ ಮೇಷ್ಟ್ರು ಹಿರಿಸೊಸೆಯನ್ನು ಕರೆದು ಕೂರಿಸಿಕೊಂಡರು. ಸುತ್ತಿಬಳಸುವ ಅಭ್ಯಾಸ ಅವರಿಗಿರಲಿಲ್ಲ.

“ಆ ಸೊಸೆಗೆ ನಾಟಕದಲ್ಲಿ ಇಪ್ಪತ್ತೆರಡು ವಯಸ್ಸಮ್ಮ. ನಿಂಗೆ ನಲವತ್ತು ದಾಟ್ತು. ಈ ಸಲ ಪಾತ್ರ ಚಿಕ್ಕವಳಿಗೆ ಒಪ್ಪಿಸು.”

ಹಿರಿಸೊಸೆ ಎದ್ದು ಬಂದು ಗಂಡನ ಹತ್ತಿರ ಅತ್ತಳು. ಅವನು ಒಳ್ಳೆಯವನು, ಹೆಂಡತಿಗೆ ಸಮಾಧಾನ ಮಾಡಲು ಹೊರಟ. ಎರಡು ವರ್ಷದಿಂದ ನಿನ್ನ ಮೇಲೆ ಬೀಳೋ ಲೈಟನ್ನು ಸ್ವಲ್ಪ ಸ್ವಲ್ಪವೇ ತಗ್ಗಿಸ್ತಾ ಬಂದಿದ್ದೀನಿ, ಕತ್ತಿನ ಸುಕ್ಕು ಕಾಣಬಾರದು ಅಂತ, ಇನ್ನೂ ತಗ್ಗಿಸಿದ್ರೆ ಮುಖವೇ ಕಾಣಲ್ಲ, ಅಪ್ಪನಿಗೂ ಅದು ಗೊತ್ತು ಎಂದ. ಸಮಾಧಾನ ಮಾಡಲು ಬಾರದ ಗಂಡಸರು ಸುಮ್ಮನಿರಬಾರದೇ? ತನ್ನ ಬೆಳಕನ್ನು ತನಗೇ ತಿಳಿಯದಂತೆ ಕದಿಯುತ್ತಿದ್ದ ಗಂಡನ ಜೊತೆ ಅವಳು ಅಂದಿನಿಂದ ಮಾತು ಬಿಟ್ಟಳು.

ಆದರೂ ಒಂದು ಆಸೆ ಉಳಿದಿತ್ತು. ಮಂಡಳಿಯಲ್ಲಿ ಹೊಸಬರಿಗೆ ಮೂರು ಆಟ ಕೊಡುತ್ತಿದ್ದರು. ಅಷ್ಟರಲ್ಲಿ ಜನ ಒಪ್ಪದಿದ್ದರೆ ಪಾತ್ರ ಹಳಬರ ಕೈಗೇ ವಾಪಸು. ಒಪ್ಪಿದರೋ ಇಲ್ಲವೋ ಎಂದು ಅಳೆಯುತ್ತಿದ್ದದ್ದು ಚಪ್ಪಾಳೆಯಿಂದಲ್ಲ, ಕೆಮ್ಮಿನಿಂದ. ಮರ್ಯಾದೆಗೆ ಯಾರು ಬೇಕಾದರೂ ಚಪ್ಪಾಳೆ ತಟ್ಟುತ್ತಾರೆ, ಬೇಜಾರಾದವನಿಗೆ ಮಾತ್ರ ಗಂಟಲು ಕೆರೆಯುತ್ತದೆ ಎಂದು ಮೇಷ್ಟ್ರು ನಂಬಿದ್ದರು. ತುದಿಯಲ್ಲಿ ಕೆಮ್ಮು ಬಂದರೆ ನಾಟಕ ಸತ್ತಿತು. ಕಿರಿಸೊಸೆಯ ತುದಿಯಲ್ಲಿ ಕೆಮ್ಮು ಬರಲಿ ಎಂಬುದು ಹಿರಿಸೊಸೆಯ ಆಸೆ, ಅದನ್ನು ಅವಳು ತನ್ನಿಂದಲೂ ಮುಚ್ಚಿಡಲಿಲ್ಲ.

ಪಾತ್ರ ಒಪ್ಪಿಸುವುದಕ್ಕೆ ಆ ಮಂಡಳಿಯಲ್ಲಿ ಒಂದು ಕ್ರಮವಿತ್ತು. ಹಳಬರು ಹೊಸಬರನ್ನು ಕೋಣೆಗೆ ಕರೆದುಕೊಂಡು ಬಾಗಿಲು ಹಾಕಿಕೊಳ್ಳಬೇಕು. ಒಳಗೆ ಮೇಷ್ಟ್ರೂ ಬರುವಂತಿಲ್ಲ. ಎಲ್ಲಿ ನಿಲ್ಲಬೇಕು, ಎಲ್ಲಿ ಉಸಿರು ಬಿಡಬೇಕು ಎಂಬುದೆಲ್ಲ ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ನೇರವಾಗಿ ಹೋಗಬೇಕು. ಇನ್ನೊಂದು ನಿಯಮವೂ ಇತ್ತು. ತಾಲೀಮಿನಲ್ಲಿ ನಾಟಕದ ತುದಿಯನ್ನು ಎದ್ದು ನಿಂತು ಆಡುವಂತಿಲ್ಲ. ಕೂತು ಮಾತು ಒಪ್ಪಿಸಿ ಮುಂದಕ್ಕೆ ಹೋಗಬೇಕು. ತಾಲೀಮಿನಲ್ಲಿ ಸುರಿಸಿದ ಕಣ್ಣೀರು ರಂಗದ ಮೇಲೆ ಬರುವುದಿಲ್ಲ ಎಂಬುದು ಮೇಷ್ಟ್ರ ಇನ್ನೊಂದು ನಂಬಿಕೆ. ಹೀಗಾಗಿ ತುದಿಯಲ್ಲಿ ಹೊಸಬಳು ಏನು ಮಾಡುತ್ತಾಳೆ ಎಂದು ಮೊದಲ ಆಟದ ತನಕ ಕಲಿಸಿದವಳೊಬ್ಬಳನ್ನು ಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಮೇಲಿನ ಕೋಣೆಯ ನೆಲದ ಮೇಲೆ ಹಿರಿಸೊಸೆ ಸೀಮೆಸುಣ್ಣದಿಂದ ಒಂಬತ್ತು ಮನೆ ಬರೆದಳು. ಮುಂದೆ ಮೂರು, ನಡುವೆ ಮೂರು, ಹಿಂದೆ ಮೂರು. ಎಡ ಬಲ ಎಂದರೆ ಆಡುವವರ ಎಡ ಬಲ, ನೋಡುವವರದಲ್ಲ. ಹಿಂದಿನ ಮೂಲೆಯಲ್ಲಿ ನಿಂತವನು ಜನರಿಗೆ ಅರ್ಧ ಮಾತ್ರ, ಗುಟ್ಟು ಆಡುವುದಕ್ಕೆ ಆ ಜಾಗ ಸರಿ. ಪಕ್ಕದಿಂದ ಬರುವವನು ಸುದ್ದಿ ತರುತ್ತಾನೆ, ನಡುಬಾಗಿಲಿನಿಂದ ಬರುವವನು ಅಧಿಕಾರ ತರುತ್ತಾನೆ. ಮುಂದಿನ ಸಾಲಿನ ನಡುವಿನ ಮನೆಗೆ ಮಂಡಳಿಯಲ್ಲಿ ಗದ್ದುಗೆ ಎಂದು ಹೆಸರು. ಅಲ್ಲಿ ನಿಂತವರು ಪಿಸುಗುಟ್ಟಿದರೂ ಕೊನೆಯ ಸಾಲಿಗೆ ತಲುಪುತ್ತದೆ. ಇದೆಲ್ಲವನ್ನೂ ಹಿರಿಸೊಸೆ ನಿಯತ್ತಾಗಿಯೇ ಕಲಿಸಿದಳು. ಮೊದಲ ಅಂಕ, ಎರಡನೆಯ ಅಂಕ ಎಲ್ಲಿಯೂ ಮೋಸವಿಲ್ಲ. ಹುಡುಗಿ ಬೇಗ ಕಲಿಯುತ್ತಿದ್ದಳು, ಒಮ್ಮೆ ಹೇಳಿದ್ದನ್ನು ಇನ್ನೊಮ್ಮೆ ಹೇಳಬೇಕಿರಲಿಲ್ಲ. ಬೇಗ ಕಲಿಯುವವರನ್ನು ಕಂಡರೆ ಕಲಿಸುವವರಿಗೆ ಸಂತೋಷವಾಗಬೇಕು. ಇವಳಿಗೆ ಮೈ ಉರಿಯುತ್ತಿತ್ತು.

ತುದಿಗೆ ಬಂದಾಗ ಸೀಮೆಸುಣ್ಣ ಅವಳ ಕೈಯಲ್ಲಿ ಸ್ವಲ್ಪ ಹೊತ್ತು ನಿಂತಿತು. ಆಮೇಲೆ, ಗೊಂಚಲು ಇಟ್ಟ ಮೇಲೆ ಗದ್ದುಗೆಯಲ್ಲಿ ಪೂರ್ತಿ ಹಿಂದಕ್ಕೆ ತಿರುಗಿಬಿಡು, ಮೆಟ್ಟಿಲ ಮೇಲಿರೋ ಅತ್ತೆ ಮುಖ ನೋಡ್ತಾ ನಿಂತ್ಕೋ, ಅಳೋದೆಲ್ಲ ಆ ಕಡೆಗೇ ಅಳು ಎಂದಳು.

“ಜನಕ್ಕೆ ಬೆನ್ನು ಕೊಡಬಾರದು ಅಂತ ಮಾವ ಅಂದಿದ್ರಲ್ಲ ಅಕ್ಕ?”

“ಬೇರೆ ಕಡೆ ಕೊಡಬಾರದು. ತುದೀಲಿ ಕೊಡಬೇಕು. ಅದು ಈ ಪಾತ್ರದ ಗುಟ್ಟು, ಯಾರ ಹತ್ರನೂ ಆಡಬೇಡ.”

ಕಿರಿಸೊಸೆ ಬಂದ ಮೇಲೆ ಮಂಡಳಿ ಆಡಿದ್ದೆಲ್ಲ ನಗೆನಾಟಕ, ಕೀಲಿಗೊಂಚಲನ್ನು ಅವಳು ನೋಡಿಯೇ ಇರಲಿಲ್ಲ. ಎರಡೂ ಕಣ್ಣಿಗೆ ಕಣ್ಣಿಟ್ಟು ಒಮ್ಮೆ ನೋಡಿ, ಸರಿ ಅಕ್ಕ ಎಂದಳು. ಹಿರಿಸೊಸೆ ಬಗ್ಗಿ ನೆಲ ಒರೆಸಿದಳು. ಬೆನ್ನು ಕೊಡುವುದೆಂದರೆ ಆ ಮಂಡಳಿಯಲ್ಲಿ ಮಾತು ಮರೆಯುವುದಕ್ಕಿಂತ ದೊಡ್ಡ ತಪ್ಪು. ಅದಕ್ಕೆ ಚಪ್ಪಲಿ ಒಂದಲ್ಲ, ಜೊತೆಯೇ ಬರುತ್ತಿತ್ತು.

ಮೊದಲ ಆಟದ ದಿನ ಸಭೆ ತುಂಬಿತ್ತು. ಹೊಸ ಸೊಸೆಯನ್ನು ನೋಡಲು ಬೀದಿಯ ಸೈಕಲ್ ಅಂಗಡಿಯವರೆಲ್ಲ ಕೈಯ ಗ್ರೀಸ್ ತೊಳೆದುಕೊಂಡು ಬಂದಿದ್ದರು. ಹಿರಿಸೊಸೆ ಪಕ್ಕದ ಪರದೆಯ ಮರೆಯಲ್ಲಿ ನಿಂತಳು. ಎದುರು ಬದಿಯ ಮರೆಯಲ್ಲಿ ಮೇಷ್ಟ್ರು ತಮ್ಮ ಕುರ್ಚಿಯ ಮೇಲೆ ಕೂತಿದ್ದರು. ಮೊದಲೆರಡು ಅಂಕದಲ್ಲಿ ಹುಡುಗಿ ಅಂಥದ್ದೇನೂ ಕಡಿದು ಕಟ್ಟೆಹಾಕಲಿಲ್ಲ. ಅಲ್ಲಲ್ಲಿ ಒಂದೆರಡು ಕೆಮ್ಮು ಕೇಳಿಸಿ ಹಿರಿಸೊಸೆಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಮೂರನೆಯ ಅಂಕ. ಸೋದರತ್ತೆ ಮೆಟ್ಟಿಲ ಮೇಲಿನ ಅರೆಗತ್ತಲಿನಲ್ಲಿ ನಿಂತು, “ಕೀಲಿ ಇಡು” ಎಂದಳು. ಹುಡುಗಿ ಗೊಂಚಲು ಇಟ್ಟಳು. ಎದ್ದಳು. ಜನರಿಗೆ ಪೂರ್ತಿ ಬೆನ್ನು ಹಾಕಿ ನಿಂತುಬಿಟ್ಟಳು. ಎದುರು ಬದಿಯಲ್ಲಿ ಮೇಷ್ಟ್ರು ಕುರ್ಚಿಯಿಂದ ಎದ್ದದ್ದು ಕಂಡಿತು. ಈಗ ಕೆಮ್ಮುತ್ತಾರೆ, ಈಗ ಬೆಂಚು ಕಿರುಗುಟ್ಟುತ್ತದೆ ಎಂದು ಹಿರಿಸೊಸೆ ಕಿವಿಯನ್ನು ಪರದೆಗೆ ಆನಿಸಿದಳು.

ಏನೂ ಕೇಳಿಸಲಿಲ್ಲ. ಅಷ್ಟು ಜನರಿದ್ದ ಸಭೆ ಖಾಲಿ ಗೋದಾಮಿನಂತೆ ಆಗಿಹೋಗಿತ್ತು. ಹುಡುಗಿಯ ಭುಜ ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. ಅಷ್ಟೇ. ಬಲಗೈ ಸೊಂಟದ ಮೇಲೆ ಗೊಂಚಲಿದ್ದ ಜಾಗವನ್ನು ತಡಕಿ, ಅದು ಇಲ್ಲವೆಂದು ತಿಳಿದು, ಅಲ್ಲೇ ಉಳಿಯಿತು. ಸಭೆಯಲ್ಲಿ ಯಾರೋ ಹೆಂಗಸು ಬಿಕ್ಕಿದಳು. ಅವಳ ಹಿಂದೆಯೇ ಒಬ್ಬ ಗಂಡಸು. ಕಾಣದ ಮುಖಕ್ಕೆ ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯ ಯಾವಳದೋ ಮುಖವನ್ನು ಇಟ್ಟುಕೊಂಡು ಅಳುತ್ತಿದ್ದರು. ಹದಿನಾರು ವರ್ಷದಲ್ಲಿ ಹಿರಿಸೊಸೆ ಅಂಥ ಮೌನವನ್ನು ಒಮ್ಮೆಯೂ ಕೇಳಿರಲಿಲ್ಲ, ಅವಳಿಗೆ ಬಿದ್ದಿದ್ದೆಲ್ಲ ಚಪ್ಪಾಳೆ. ಪರದೆ ಬಿದ್ದಾಗ ಅವಳ ಹೊಟ್ಟೆಯಲ್ಲಿ ನಿಜವಾಗಿಯೂ ನೋವು ಕಾಣಿಸಿಕೊಂಡು ಗೋಡೆ ಹಿಡಿದು ಕೂತಳು. ತಾನು ತೋಡಿದ ಗುಂಡಿಯಲ್ಲಿ ಆ ಹುಡುಗಿಗೆ ನಿಧಿ ಸಿಕ್ಕಿತ್ತು.

ಆಟ ಮುಗಿದ ಮೇಲೆ ಎಲ್ಲರೂ ಸುತ್ತುಗಟ್ಟಿ ಹೊಗಳುವಾಗ ಕಿರಿಸೊಸೆ ಸತ್ಯವನ್ನೇ ಹೇಳಿದಳು. “ನಂದೇನಿಲ್ಲ. ಎಲ್ಲಾ ಅಕ್ಕ ಹೇಳಿಕೊಟ್ಟಿದ್ದು.” ಎಲ್ಲರ ಕಣ್ಣೂ ಹಿರಿಸೊಸೆಯ ಕಡೆ ತಿರುಗಿತು. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಹೌದು ನಾನೇ ಕಲಿಸಿದ್ದು ಎಂದರೆ ಕೀರ್ತಿ ಬರುತ್ತದೆ. ಯಾಕೆ ಕಲಿಸಿದ್ದು ಎಂದು ಯಾರಾದರೂ ಕೇಳಿದರೆ ಮಾನ ಹೋಗುತ್ತದೆ. ಅವಳು ನಕ್ಕಳು. ನಗುವುದು ಕಲಿತ ಕಸುಬು, ಬಂತು.

ಕೇಳುವವರು ಮರುದಿನ ಬೆಳಿಗ್ಗೆಯೇ ಕೇಳಿದರು. ಮೇಷ್ಟ್ರು ಬಣ್ಣದ ಕೋಣೆಯಲ್ಲಿ ಟೋಪನ್ನು ಮೊಣಕಾಲ ಮೇಲಿಟ್ಟುಕೊಂಡು ಅದರ ಕೂದಲು ಬಾಚುತ್ತಿದ್ದರು.

“ಬೆನ್ನು ತಿರುಗಿಸು ಅಂತ ನೀನೇ ಹೇಳಿದ್ಯಾ?”

“ಹೌದು ಮಾವ.”

“ಒಳ್ಳೇದು. ಹದಿನಾರು ವರ್ಷ ನೀನ್ಯಾಕೆ ಹಾಗೆ ಮಾಡ್ಲಿಲ್ಲ?”

ಉತ್ತರಕ್ಕೆ ಅವರು ಕಾಯಲೂ ಇಲ್ಲ, ಸಿಕ್ಕು ಬಿಡಿಸುವುದರಲ್ಲಿ ಮುಳುಗಿಹೋದರು. ಮಾವನಿಗೆ ಗೊತ್ತಾಗಿದೆ ಎಂದು ಹಿರಿಸೊಸೆಗೆ ಗೊತ್ತಾಯಿತು. ಚಪ್ಪಲಿ ಎಸೆದಿದ್ದರೆ ಚೆನ್ನಾಗಿತ್ತು. ಈ ಪ್ರಶ್ನೆ ಅವಳ ಜೊತೆ ಅಡುಗೆಮನೆಗೆ ಬಂತು, ಸ್ನಾನದ ಮನೆಗೆ ಬಂತು, ಗುಂಡಿ ಹೊಲಿಯುವಾಗ ಬೆರಳಿಗೆ ಚುಚ್ಚಿತು.

ಎರಡನೆಯ ಆಟಕ್ಕೆ ಜನ ನಿಂತು ನೋಡಿದರು, ಮೂರನೆಯದಕ್ಕೆ ಬಾಗಿಲ ಹೊರಗೂ ನಿಂತರು. ಪಾತ್ರ ಹೋಯಿತು. ಹಾಲಿನಂಗಡಿಯವಳು ಚಿಲ್ಲರೆ ಎಣಿಸುತ್ತ, “ನಿಮ್ಮ ಓರಗಿತ್ತಿ ಬೆನ್ನಲ್ಲೇ ಅಳ್ತಾಳೆ ಕಣ್ರೀ” ಎಂದಳು. ಅಂದಿನಿಂದ ಹಿರಿಸೊಸೆ ಬೇರೆ ಅಂಗಡಿಯ ಹಾಲು ತರತೊಡಗಿದಳು. ಆ ಹಾಲು ನೀರಾಗಿತ್ತು, ಯಾರಾದರೂ ಹಾಗೆಂದರೆ ನೀವೇ ಹೋಗಿ ತನ್ನಿ ಎಂದು ಸಿಡುಕುತ್ತಿದ್ದಳು.

ಕೊಟ್ಟದ್ದನ್ನು ಕಿತ್ತುಕೊಳ್ಳಲೂ ನೋಡಿದಳು. ಒಂದು ದಿನ ಕಿರಿಸೊಸೆ ಬಟ್ಟೆ ಮಡಚುತ್ತಿದ್ದಾಗ ಹತ್ತಿರ ಕೂತು, ಬೆನ್ನು ತಿರುಗಿಸೋದು ಮೊದಲ ಆಟಗಳಿಗೆ ಮಾತ್ರ, ಇನ್ನು ಮುಂದೆ ಜನಕ್ಕೆ ಮುಖ ಕೊಟ್ಟು ಅಳಬೇಕು, ಅದೇ ಪಾತ್ರದ ಕೊನೆಯ ಪಾಠ ಎಂದಳು. ಎಲ್ಲಕ್ಕೂ ಸರಿ ಅಕ್ಕ ಎನ್ನುತ್ತಿದ್ದವಳು ಆವತ್ತು ಮಡಚಿದ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಚಿದಳು.

“ಬೇಡ ಅಕ್ಕ. ಅತ್ತಾಗ ನನ್ನ ಮುಖ ಚೆನ್ನಾಗಿರಲ್ಲ. ಅಷ್ಟು ಜನರ ಮುಂದೆ ನಂಗೆ ನಾಚಿಕೆ.”

ಎಂಥ ವಯ್ಯಾರ ಎಂದುಕೊಂಡಳು ಹಿರಿಸೊಸೆ. ಚೆಂದದ ಹುಡುಗಿಯರು ಚೆನ್ನಾಗಿಲ್ಲ ಎನ್ನುವುದು ಇನ್ನೊಬ್ಬರು ಚೆನ್ನಾಗಿದೆ ಎನ್ನಲಿ ಎಂದು. ಆದರೆ ಆ ಮುಖ ಹೇಗಿರುತ್ತದೆ ಎಂಬ ಕುತೂಹಲ ಅವಳನ್ನು ತಿನ್ನತೊಡಗಿತು. ಸಭೆಗೆ ಅದು ಕಾಣದು, ಪಕ್ಕದ ಮರೆಯಿಂದಲೂ ಕಾಣದು. ಇಡೀ ಲೋಕದಲ್ಲಿ ಅದನ್ನು ಕಂಡವಳು ಮೆಟ್ಟಿಲ ಮೇಲೆ ನಿಲ್ಲುವ ಸೋದರತ್ತೆ ಒಬ್ಬಳೇ. ಕೇಳಿದರೆ ಅವಳು ಹಿಟ್ಟು ಕಲಸುತ್ತ, ಅದನ್ನ ಹೇಳೋಕಾಗಲ್ಲ ಕಣೇ, ನಿಂತು ನೋಡ್ಬೇಕು ಎನ್ನುವಳು. ಹೇಳದೆ ಇರುವುದರಲ್ಲಿ ಮುದುಕಿಗೆ ಒಂದು ಸುಖವೂ ಇತ್ತು.

ಆ ಮುದುಕಿಯ ಮಂಡಿಯೇ ಕೊನೆಗೆ ಕೈಕೊಟ್ಟಿತು. ಮೆಟ್ಟಿಲು ಹತ್ತಬಾರದು ಎಂದು ಡಾಕ್ಟರು ಖಂಡಿತವಾಗಿ ಹೇಳಿದ ಮೇಲೆ ಅತ್ತೆಯ ಪಾತ್ರ ಖಾಲಿಯಾಯಿತು. ಅದು ಯಾರಿಗೆ ಬರುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಡಲಿಲ್ಲ. ಮೈದುನನೊಬ್ಬ ಮಾತ್ರ, ನಗಿಸುವುದು ಅವನ ರೋಗ, ಅತ್ತಿಗೆ, ಅತ್ತೆಗೊಂದು ಕಾಲ ಸೊಸೆಗೊಂದು ಕಾಲ, ನಿಮಗೆ ಎರಡೂ ಕಾಲ ಒಟ್ಟಿಗೇ ಬಂತು ಎಂದ. ಅವನ ತಟ್ಟೆಗೆ ಆ ಹೊತ್ತು ಅನ್ನ ಬೀಳಲಿಲ್ಲ. ಸಾಯಿಸಿದರೂ ಮಾಡುವುದಿಲ್ಲ ಎಂದು ಹಿರಿಸೊಸೆ ಎರಡು ದಿನ ಹಟ ಹಿಡಿದಳು. ಮೂರನೆಯ ದಿನ ತಾನಾಗಿಯೇ ಹೋಗಿ ಸೋದರತ್ತೆಯ ಕೋಣೆಯ ಬಾಗಿಲು ತಟ್ಟಿದಳು. ಮೆಟ್ಟಿಲ ಮೇಲೆ ನಿಂತರೆ ಆ ಮುಖ ಕಾಣುತ್ತದೆ. ಅದೊಂದಕ್ಕೇ ಅವಳು ಮುದುಕಿಯಾಗಲು ಒಪ್ಪಿದಳು.

ಸೋದರತ್ತೆ ಪಾತ್ರ ಒಪ್ಪಿಸುವಾಗ ತುದಿಯ ಬಗ್ಗೆ ಹೆಚ್ಚೇನೂ ಹೇಳಲಿಲ್ಲ. ಆ ಹೊತ್ತಲ್ಲಿ ಏನೂ ಮಾಡಬೇಡ, ಅವಳನ್ನ ನೋಡ್ತಾ ನಿಂತ್ಕೋ, ಸಾಕು ಅನಿಸಿದಾಗ ಹೋಗು ಅನ್ನು ಎಂದಳು. ಗಂಡ ಇನ್ನೊಂದು ಸುದ್ದಿ ತಂದ. ಸೋದರತ್ತೆಗೆ ಕಣ್ಣು ಕುಕ್ಕುತ್ತದೆಂದು ಮೆಟ್ಟಿಲಿಗೆ ಈವರೆಗೆ ಬೆಳಕು ಕೊಟ್ಟಿರಲಿಲ್ಲವಂತೆ.

“ನಿಂಗೆ ಕೊಡ್ತೀನಿ. ಪೂರ್ತಿ ಕೊಡ್ತೀನಿ, ತಗ್ಗಿಸಲ್ಲ. ಅತ್ತೆಗೆ ಸುಕ್ಕಿದ್ರೇನು?”

ಓಹೋ, ದಾನ ಮಾಡ್ತಾರಂತೆ ಎಂದು ಅವಳು ಮುಖ ತಿರುಗಿಸಿದಳು. ಆದರೂ ಅಷ್ಟು ದಿನದ ಮೌನ ಮುರಿದದ್ದು ಆ ಮಾತಿಗೇ.

ಭಾನುವಾರ ಮಧ್ಯಾಹ್ನದ ಆಟ. ತಲೆಗೆ ನರೆಗೂದಲಿನ ಟೋಪು, ಕೈಯಲ್ಲಿ ಊರುಗೋಲು. ಹಿರಿಸೊಸೆ ಮೆಟ್ಟಿಲ ಮೇಲೆ ನಿಂತು, “ಕೀಲಿ ಇಡು” ಎಂದಳು. ಹದಿನಾರು ವರ್ಷ ಹೇಳಿಸಿಕೊಂಡ ಮಾತು, ಹೇಳುವಾಗ ಗಂಟಲಿಗೆ ಹೊಸದಾಗಿತ್ತು. ಗೊಂಚಲು ನೆಲಕ್ಕೆ ತಾಗಿ ಸದ್ದಾಯಿತು. ಹುಡುಗಿ ಎದ್ದು ತಿರುಗಿದಳು.

ಆ ಮುಖ ಚೆನ್ನಾಗಿರಲಿಲ್ಲ. ನಿಜವಾಗಿಯೂ ಚೆನ್ನಾಗಿರಲಿಲ್ಲ. ಮೂಗು ಸೋರುತ್ತಿತ್ತು, ಬಾಯಿ ಒಂದು ಕಡೆಗೆ ಸೊಟ್ಟಗೆ ಎಳೆದುಕೊಂಡಿತ್ತು, ಕಣ್ಣಕಪ್ಪು ಕೆನ್ನೆಯ ಮೇಲೆಲ್ಲ ಹರಡಿ ಮಸಿ ಬಡಿದಂತಾಗಿತ್ತು. ಪೆಟ್ಟು ತಿಂದ ಮಗುವಿನ ಮುಖ ಅದು, ಯಾರಿಗೂ ತೋರಿಸುವುದಕ್ಕೆಂದು ಮಾಡಿದ ಮುಖವಲ್ಲ. ಎರಡೂ ಕಣ್ಣಿಗೆ ಕಣ್ಣಿಟ್ಟು ಅವಳನ್ನೇ ನೋಡುತ್ತಿತ್ತು. ಮಾವನ ಪ್ರಶ್ನೆಗೆ ಉತ್ತರ ಹಿರಿಸೊಸೆಗೆ ಅಲ್ಲಿ ಸಿಕ್ಕಿತು. ಇಷ್ಟು ವರ್ಷದಲ್ಲಿ ಅವಳು ಒಮ್ಮೆಯೂ ತಿರುಗಿ ನಿಲ್ಲದಿದ್ದದ್ದು ಮುಖ ಬಿಟ್ಟುಕೊಡಲು ಮನಸ್ಸಿಲ್ಲದೆ. ಅವಳಿಗೆ ಅಳಬೇಕಿರಲಿಲ್ಲ, ಅಳುವಾಗ ಚೆನ್ನಾಗಿ ಕಾಣಬೇಕಿತ್ತು. ಈ ಹುಡುಗಿ ಅಷ್ಟು ಜನರ ಚಪ್ಪಾಳೆಗೆ ಬೆನ್ನು ಹಾಕಿ ಒಬ್ಬಳ ಮುಂದೆ ಮೂಗು ಸೋರಿಸಿಕೊಂಡು ನಿಂತಿದ್ದಳು. ಹಿರಿಸೊಸೆಗೆ ಕರುಣೆ ಬಂದಿದ್ದರೆ ಎಷ್ಟು ಚೆನ್ನಾಗಿತ್ತು. ಬಂದದ್ದು ಹೊಟ್ಟೆಕಿಚ್ಚು, ಹಿಂದೆಂದೂ ಬಾರದಷ್ಟು ಹೊಟ್ಟೆಕಿಚ್ಚು. ಕಾಲ ಬುಡದಿಂದ ಎದ್ದು ಮುಖಕ್ಕೆ ಏರಿತು.

ಆಗ ಅವಳಿಗೆ ಇನ್ನೊಂದು ತಿಳಿಯಿತು. ಹುಡುಗಿ ಬೆನ್ನು ತಿರುಗಿಸಿದ ಮೇಲೆ ಸಭೆಗೆ ಕಾಣುವ ಮುಖ ಒಂದೇ, ತನ್ನದು. ಪೂರ್ತಿ ಬೆಳಕಿನಲ್ಲಿ, ಎಲ್ಲ ಸುಕ್ಕುಗಳ ಸಮೇತ. ಏನೂ ಮಾಡಬೇಡ ಎಂದಿದ್ದಳು ಸೋದರತ್ತೆ. ಮಾಡಲು ಅವಳಿಗೆ ಏನೂ ತೋಚಲೂ ಇಲ್ಲ. ಮುಖ ತಾನಾಗಿ ಏನಾಯಿತೋ ಆಯಿತು, ಅದನ್ನು ಅವಳು ಯಾವ ಕನ್ನಡಿಯಲ್ಲೂ ಅಭ್ಯಾಸ ಮಾಡಿರಲಿಲ್ಲ. ಸಭೆಯಲ್ಲಿ ಕೆಮ್ಮಿಲ್ಲ, ಬಿಕ್ಕು ಸಹ ಇಲ್ಲ. ಇದು ಆವತ್ತಿನ ಮೌನವೇ, ಈ ಸಲ ಅದು ತನ್ನ ಕಡೆಗೆ ನೋಡುತ್ತಿತ್ತು. ತುಂಬ ಹೊತ್ತಾದ ಮೇಲೆ, “ಇನ್ನು ಹೋಗು” ಎಂದಳು.

ಬಣ್ಣದ ಕೋಣೆಯಲ್ಲಿ ಅವಳು ಟೋಪು ತೆಗೆದು ಕನ್ನಡಿಯ ಮುಂದೆ ಕೂತು ಆ ಮುಖವನ್ನು ಮತ್ತೆ ಮಾಡಲು ನೋಡಿದಳು. ಬರಲಿಲ್ಲ. ಕಿರಿಸೊಸೆ ಬಂದು ಪಕ್ಕದ ಸ್ಟೂಲಿನ ಮೇಲೆ ಕೂತಳು. ಇನ್ನೂ ಬಣ್ಣ ತೆಗೆದಿರಲಿಲ್ಲ, ಕೆನ್ನೆಯ ಮಸಿ ಹಾಗೆಯೇ ಇತ್ತು.

“ಅಕ್ಕ, ಬೆನ್ನು ತಿರುಗಿಸು ಅಂತ ನೀವು ಹೇಳಿದ್ದು ನಾನು ಸೋಲಲಿ ಅಂತ ಅಲ್ವಾ?”

ಹಿರಿಸೊಸೆ ಕನ್ನಡಿಯಲ್ಲೇ ಅವಳ ಕಣ್ಣು ನೋಡಿದಳು. ಅಷ್ಟು ಹತ್ತಿರದಿಂದ ಆ ಕಣ್ಣುಗಳಿಗೆ ಇನ್ನೊಂದು ಸುಳ್ಳು ಹೇಳುವುದು ಅವಳಿಂದ ಆಗಲಿಲ್ಲ.

“ಹೌದು.”

“ಈಗ್ಲೂ ಮನಸ್ಸಲ್ಲಿ ಹಾಗೇ ಇದೆಯಾ?”

“ಇದೆ.”

ಹುಡುಗಿ ಬಣ್ಣದ ಡಬ್ಬಿಯ ಮುಚ್ಚಳ ತಿರುಗಿಸಿದಳು. ಅಳುತ್ತಾಳೇನೋ, ಎದ್ದು ಹೋಗಿ ಮಾವನಿಗೆ ಹೇಳುತ್ತಾಳೇನೋ ಎಂದು ಹಿರಿಸೊಸೆ ಕಾದಳು.

“ನಿಮ್ಮ ಮುಖ ನೋಡಿ ಗೊತ್ತಾಯ್ತು,” ಎಂದಳು ಹುಡುಗಿ. “ಇವತ್ತು ನಿಜವಾಗ್ಲೂ ಮನೆಯಿಂದ ಆಚೆ ಹಾಕಿದ ಹಾಗಾಯ್ತು ನಂಗೆ. ಬುಧವಾರದ ಆಟಕ್ಕೂ ಹಾಗೇ ನೋಡಿ ಅಕ್ಕ.”

ಇಂಥ ಮಾತು ಹದಿನಾರು ವರ್ಷದಲ್ಲಿ ತನ್ನ ಬಾಯಿಗೆ ಒಂದು ಸಲವೂ ಬರಲಿಲ್ಲವಲ್ಲ ಎಂದು ಹಿರಿಸೊಸೆಯ ಹೊಟ್ಟೆ ಇನ್ನೊಮ್ಮೆ ಉರಿಯಿತು. ಅವಳು ಹತ್ತಿಯನ್ನು ಎಣ್ಣೆಯಲ್ಲಿ ಅದ್ದಿ, ಹುಡುಗಿಯ ಗಲ್ಲ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು.

“ನೋಡ್ತೀನಿ. ಮೊದಲು ಮೂಗು ಒರೆಸ್ಕೋ,” ಎಂದಳು.